ಜಿದ್ದಿನ ಊರಿಗೆ ಹೋದವರು, ನಾವು ಬಿಟ್ಟುಕೊಟ್ಟವರು

ಪ್ರಶ್ನೆ: ನಮಸ್ಕಾರ. ನಾವು ಶಿವಮೊಗ್ಗದವರು, ಬಾಸ್ಟನ್ ಹತ್ತಿರ ನೆಲೆಸಿ ಒಂಬತ್ತು ವರ್ಷವಾಯಿತು. ಹನ್ನೊಂದು ವರ್ಷದ ಮಗಳಿಗೆ ಇಲ್ಲಿನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್ ಎಂದರೆ ಪ್ರಾಣ. ಹುಟ್ಟುಹಬ್ಬಕ್ಕೆ ರಫಾಯೆಲ್ ಡೆವರ್ಸ್ ಹೆಸರಿನ 11ನೇ ನಂಬರಿನ ಅಂಗಿ ಕೊಡಿಸಿದ್ದೆವು. 2025ರ ಜೂನ್‌ನಲ್ಲಿ ಅವರನ್ನು ತಂಡ ಕಳಿಸಿಬಿಟ್ಟಿತು. ಆಮೇಲೆ ಅಲೆಕ್ಸ್ ಬ್ರೆಗ್‌ಮನ್ ಅವರನ್ನು ಹಚ್ಚಿಕೊಂಡಳು. ಚಳಿಗಾಲದಲ್ಲಿ ಅವರೂ ಶಿಕಾಗೋಗೆ ಹೋದರು. ಈಗ ಜಿದ್ದಿನ ತಂಡ ನ್ಯೂಯಾರ್ಕ್ ಯಾಂಕೀಸ್ ಯಾರನ್ನು ಕೊಂಡಿತು ಎಂದು ದಿನವೂ ಮೊಬೈಲಿನಲ್ಲಿ ನೋಡಿ ಮುಖ ಸಪ್ಪಗೆ ಮಾಡಿಕೊಳ್ಳುತ್ತಾಳೆ. ಐಪಿಎಲ್‌ನಂತೆ ಇಲ್ಲಿ ಹರಾಜು ಯಾಕಿಲ್ಲ? ದುಡ್ಡಿರುವ ಊರೇ ಎಲ್ಲರನ್ನೂ ಕೊಳ್ಳುವುದಾದರೆ ಆಟದಲ್ಲಿ ಏನು ಉಳಿಯುತ್ತದೆ? ಮಗಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಮಗಳ ಅಂಗಿಯಿಂದಲೇ ಶುರು ಮಾಡುತ್ತೇನೆ. ನೀವು ಕೇಳಿರುವ ಮೂರು ಪ್ರಶ್ನೆಗಳೂ ಆ 11ರಲ್ಲೇ ಸಿಕ್ಕಿಕೊಂಡಿವೆ.

ಡೆವರ್ಸ್ ಅವರನ್ನು ರೆಡ್ ಸಾಕ್ಸ್ ಡೊಮಿನಿಕನ್ ಗಣರಾಜ್ಯದಲ್ಲಿ ಹುಡುಗನಾಗಿದ್ದಾಗಲೇ ಗುರುತಿಸಿ ಬೆಳೆಸಿತ್ತು. 2017ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷದ ಆ ಹುಡುಗ ನ್ಯೂಯಾರ್ಕಿನ ಮೈದಾನದಲ್ಲೇ, ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ, ಯಾಂಕೀಸ್‌ನ ಅರೋಲ್ಡಿಸ್ ಚಾಪ್‌ಮನ್ ಗಂಟೆಗೆ 102.8 ಮೈಲಿ ವೇಗದಲ್ಲಿ ಎಸೆದ ಚೆಂಡನ್ನು ಎಡಭಾಗದ ಗೋಡೆಯಾಚೆ ಅಟ್ಟಿದ. ಬಾಸ್ಟನ್ ಅವನನ್ನು ಮನೆಮಗನನ್ನಾಗಿ ಮಾಡಿಕೊಂಡದ್ದು ಆ ಒಂದು ಹೊಡೆತಕ್ಕೆ. 2023ರ ಜನವರಿಯಲ್ಲಿ ತಂಡ ಹತ್ತು ವರ್ಷಕ್ಕೆ 31.35 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಾಗ, ಇನ್ನು ಇವರು ಎಲ್ಲಿಗೂ ಹೋಗುವುದಿಲ್ಲ ಎಂದು ನಾವೆಲ್ಲ ನಂಬಿದೆವು. ನೀವು ಅಂಗಿ ಕೊಡಿಸಿದ್ದೂ ಆ ನಂಬಿಕೆಯ ಮೇಲೆಯೇ ಇರಬೇಕು.

2025ರ ಫೆಬ್ರುವರಿಯಲ್ಲಿ ಬ್ರೆಗ್‌ಮನ್ ಬಂದರು. ಮೂರು ವರ್ಷಕ್ಕೆ 12 ಕೋಟಿ ಡಾಲರ್; ಪ್ರತಿ ವರ್ಷದ ಕೊನೆಗೂ ಬೇಕಿದ್ದರೆ ಹೊರನಡೆಯುವ ಸ್ವಾತಂತ್ರ್ಯ. ಫೀಲ್ಡಿಂಗ್‌ನಲ್ಲಿ ಅವರು ಕಾಯುವುದು ಮೂರನೇ ಬೇಸ್. ಅದು ಡೆವರ್ಸ್ ಅವರ ಜಾಗ. ಊರೆಲ್ಲ ಹೊಸ ಸಹಿಯ ಸಂಭ್ರಮದಲ್ಲಿತ್ತು. ಒಳಗಿನ ಕಥೆ ಬೇರೆಯೇ ಇತ್ತು. ಕೈಗವಸು ಬಿಟ್ಟು, ಅಂದರೆ ಫೀಲ್ಡಿಂಗ್ ಮಾಡದೆ, ಬರೀ ಬ್ಯಾಟ್ ಹಿಡಿಯಿರಿ ಎಂದು ಡೆವರ್ಸ್ ಅವರಿಗೆ ಹೇಳಲಾಯಿತು, ಮನಸ್ಸಿಲ್ಲದೆ ಒಪ್ಪಿದರು. ಮೇ ತಿಂಗಳಲ್ಲಿ ಟ್ರಿಸ್ಟನ್ ಕಾಸಸ್ ಮಂಡಿಗೆ ಪೆಟ್ಟಾಗಿ ಮೊದಲ ಬೇಸ್ ಖಾಲಿಯಾಯಿತು. ಈಗ ಅಲ್ಲಿ ಆಡಿ ಎಂದು ಕೇಳಿದಾಗ ಅವರು ಒಪ್ಪಲಿಲ್ಲ. ಜೂನ್ 15ರ ಭಾನುವಾರ ನಮ್ಮ ಫೆನ್‌ವೇ ಮೈದಾನದಲ್ಲಿ ಯಾಂಕೀಸ್ ವಿರುದ್ಧದ ಸರಣಿಯ ಮೂರನೆಯ ಪಂದ್ಯವನ್ನೂ ಗೆದ್ದೆವು. ಅದರಲ್ಲಿ ಡೆವರ್ಸ್ ಚೆಂಡನ್ನು ಗೋಡೆಯಾಚೆ ಅಟ್ಟಿದ ಹೋಮ್ ರನ್ ಕೂಡ ಇತ್ತು. ಕೆಲವೇ ಗಂಟೆಗಳಲ್ಲಿ ಅವರನ್ನು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ಗೆ ಕೊಟ್ಟ ಸುದ್ದಿ ಬಂತು. ಆ ವರ್ಷದ ಆಟ ಮುಗಿದ ಮೇಲೆ ಬ್ರೆಗ್‌ಮನ್ ತಮ್ಮ ಸ್ವಾತಂತ್ರ್ಯವನ್ನು ಬಳಸಿಕೊಂಡು ಹೊರನಡೆದರು. ಅಲ್ಲಿಗೆ ಮೂರನೇ ಬೇಸ್‌ನಲ್ಲಿ ಹಳಬರೂ ಇಲ್ಲ, ಹೊಸಬರೂ ಇಲ್ಲ.

ಇದರಲ್ಲಿ ನ್ಯೂಯಾರ್ಕ್ ಎಲ್ಲಿ ಬಂತು ಹೇಳಿ? ಎಲ್ಲೂ ಇಲ್ಲ. ನಿಮ್ಮ ಮಗಳನ್ನು ಅಳಿಸಿದ್ದು ಜಿದ್ದಿನ ಊರು ಕೊಂಡ ಆಟಗಾರನಲ್ಲ, ನಮ್ಮ ಊರು ಬಿಟ್ಟುಕೊಟ್ಟ ಆಟಗಾರ. ಇಪ್ಪತ್ತೈದು ಚಳಿಗಾಲ ಈ ತಂಡದ ಹಿಂದೆ ಬಿದ್ದು ನಾನು ಕಂಡುಕೊಂಡದ್ದು ಇಷ್ಟೇ: ಎದುರಾಳಿ ಯಾರನ್ನು ತಂದ ಎಂಬ ಸುದ್ದಿಗೆ ನಾವು ಕೊಡುವ ಕಣ್ಣೀರಿನ ಬಹುಪಾಲು, ನಮ್ಮವರು ಯಾರನ್ನು ಯಾಕೆ ಬಿಟ್ಟರು ಎಂಬ ಪ್ರಶ್ನೆಗೆ ಸಲ್ಲಬೇಕು. ಉಳಿದದ್ದೆಲ್ಲ ಈ ಮಾತಿನ ವಿವರಣೆ.

ಮೊದಲು ಹರಾಜಿನ ವಿಷಯ. ಐಪಿಎಲ್‌ನಲ್ಲಿ ಎಲ್ಲ ತಂಡಗಳ ಚೀಲವೂ ಒಂದೇ ಅಳತೆ; 2025ರ ದೊಡ್ಡ ಹರಾಜಿಗೆ ತಲಾ 120 ಕೋಟಿ ರೂಪಾಯಿ. ಆಟಗಾರನ ಹೆಸರು ಕೂಗಿದಾಗ ಹೆಚ್ಚು ಕೊಟ್ಟವರ ಪಾಲು. ಎಲ್ಲಿಗೆ ಹೋಗಬೇಕೆಂದು ಅವನನ್ನು ಕೇಳುವುದಿಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇದು ತಿರುವುಮುರುವು. ಮೇಜರ್ ಲೀಗ್‌ಗೆ, ಅಂದರೆ ಆಟದ ಅತಿ ಮೇಲಿನ ಹಂತಕ್ಕೆ ಬಂದ ಹುಡುಗ ಆರು ವರ್ಷ ಅದೇ ತಂಡದ ಹಿಡಿತದಲ್ಲಿರುತ್ತಾನೆ. ಮೊದಲ ಮೂರು ವರ್ಷ ತಂಡ ಕೊಟ್ಟಷ್ಟೇ ಸಂಬಳ. ಮುಂದಿನ ಮೂರು ವರ್ಷ ಮಧ್ಯಸ್ಥಗಾರರ ಮುಂದೆ ವಾದ ಮಾಡಿ ಹೆಚ್ಚು ಕೇಳಬಹುದು. ಆರು ತುಂಬಿದ ಮೇಲೆ ಅವನು ಫ್ರೀ ಏಜೆಂಟ್. ಯಾವ ಊರಿಗೆ, ಎಷ್ಟು ವರ್ಷಕ್ಕೆ, ಎಷ್ಟಕ್ಕೆ ಎಂಬುದು ಅವನ ಆಯ್ಕೆ.

ಈ ಹಕ್ಕು ಪುಕ್ಕಟೆಯಾಗಿ ಬಂದದ್ದಲ್ಲ. ಹಿಂದೆ ತಂಡವೊಂದರ ಕಾಗದಕ್ಕೆ ಸಹಿ ಹಾಕಿದವನು ಆ ತಂಡದ ಸೊತ್ತು. ಮಾಲೀಕರು ಮಾರಿದರೆ ಹೋಗಬೇಕು, ಇಟ್ಟುಕೊಂಡರೆ ಇರಬೇಕು. 1969ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರನನ್ನು ಫಿಲಡೆಲ್ಫಿಯಾಗೆ ಕೊಟ್ಟಾಗ, ನಾನು ಕೊಟ್ಟು ಕೊಳ್ಳುವ ವಸ್ತುವಲ್ಲ ಎಂದು ಅವರು ಹೋಗಲು ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನವರೆಗೂ ಹೋಗಿ 1972ರಲ್ಲಿ ಸೋತರು. ಆಟದ ಬದುಕೇ ಮುಗಿಯಿತು. 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್, ಆಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರ್‌ಗಳ (ಚೆಂಡೆಸೆಯುವವರ) ಪರವಾಗಿ ತೀರ್ಪು ಕೊಟ್ಟಾಗ ಬಾಗಿಲು ತೆರೆಯಿತು. ಯಾರಾದರೂ ನಮ್ಮೂರು ಬಿಟ್ಟು ಹೋದರೆಂದು ಸಿಟ್ಟು ಬಂದಾಗ ನಾನು ಫ್ಲಡ್ ಅವರನ್ನು ನೆನೆಯುತ್ತೇನೆ. ಹೋಗುವ ಹಕ್ಕಿಗಾಗಿ ಒಬ್ಬ ಮನುಷ್ಯ ತನ್ನ ಅನ್ನವನ್ನೇ ಕಳೆದುಕೊಂಡ. ಹೋದವನನ್ನು ದ್ರೋಹಿ ಎನ್ನುವಾಗ ನಾಲಿಗೆ ತಡೆಯುತ್ತದೆ.

ತಂಡವೊಂದು ಸಂಬಳಕ್ಕೆ ಸುರಿಯುವ ಒಟ್ಟು ದುಡ್ಡಿಗೆ ಇಲ್ಲಿ ಮೇಲ್ಮಿತಿ ಇಲ್ಲ. ಒಂದು ಗೆರೆ ದಾಟಿದವರಿಗೆ ತೆರಿಗೆ ಇದೆ. 2025ರಲ್ಲಿ ಆ ಗೆರೆ 24.1 ಕೋಟಿ ಡಾಲರ್. ದಾಟಿದರೆ ಹೆಚ್ಚಿದ್ದಕ್ಕೆ ತೆರಿಗೆ, ವರ್ಷ ವರ್ಷವೂ ದಾಟುತ್ತಿದ್ದರೆ ಅದರ ಪ್ರಮಾಣ ಏರುತ್ತದೆ. ಬಡ ತಂಡಗಳಿಗೆ ಇದು ಭಯ. ನ್ಯೂಯಾರ್ಕ್, ಲಾಸ್ ಏಂಜಲೀಸ್‌ಗಳಿಗೆ ಒಂದು ಖರ್ಚಿನ ಬಾಬ್ತು. ನಮ್ಮ ಬಾಸ್ಟನ್ನಿನ ಸ್ಥಿತಿ ವಿಚಿತ್ರ. ಇದು ಬಡ ತಂಡವಲ್ಲ, ಆದರೆ ಕೆಲವು ಚಳಿಗಾಲಗಳಲ್ಲಿ ಬಡವನಂತೆ ನಡೆದುಕೊಳ್ಳುತ್ತದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಹೇಳುವಾಗ ಇಂದಿಗೂ ಹೊಟ್ಟೆ ಉರಿಯುತ್ತದೆ.

ಈಗ ಜಿದ್ದಿನ ವಿಷಯಕ್ಕೆ ಬರೋಣ. ಬಾಸ್ಟನ್ ಮತ್ತು ನ್ಯೂಯಾರ್ಕ್ ನಡುವೆ ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಎರಡೂ ಒಂದೇ ಗುಂಪಿನ ತಂಡಗಳು, ವರ್ಷಕ್ಕೆ ಹದಿಮೂರು ಬಾರಿ ಎದುರಾಗುತ್ತವೆ. ನಡುವಿನ ಕನೆಕ್ಟಿಕಟ್ ರಾಜ್ಯದಲ್ಲಿ ಒಂದೇ ಬೀದಿಯಲ್ಲಿ ಎರಡು ಬಗೆಯ ಟೋಪಿಗಳು ಕಾಣುತ್ತವೆ. ಈ ಜಿದ್ದಿನ ಬೇರು ಇರುವುದೇ ಒಂದು ಚಳಿಗಾಲದ ವ್ಯವಹಾರದಲ್ಲಿ. 1919ರ ಡಿಸೆಂಬರ್ 26ರಂದು ರೆಡ್ ಸಾಕ್ಸ್ ಮಾಲೀಕ ಹ್ಯಾರಿ ಫ್ರೇಜಿ ತನ್ನ ಇಪ್ಪತ್ನಾಲ್ಕು ವರ್ಷದ ಆಟಗಾರ ಬೇಬ್ ರೂತ್ ಅವರನ್ನು ಯಾಂಕೀಸ್‌ಗೆ ಒಂದು ಲಕ್ಷ ಡಾಲರ್‌ಗೆ ಮಾರಿದ. ಜೊತೆಗೆ ಫೆನ್‌ವೇ ಮೈದಾನವನ್ನೇ ಅಡವಿಟ್ಟು ಯಾಂಕೀಸ್ ಮಾಲೀಕರಿಂದ ಮೂರು ಲಕ್ಷ ಡಾಲರ್ ಸಾಲವನ್ನೂ ಪಡೆದ. ರೂತ್ ಆ ವರ್ಷ ಹೊಡೆದಿದ್ದ 29 ಹೋಮ್ ರನ್‌ಗಳೇ ಅಂದಿನ ದಾಖಲೆ. ಮರುವರ್ಷ ನ್ಯೂಯಾರ್ಕಿನಲ್ಲಿ 54 ಹೊಡೆದರು. 1918ರಲ್ಲಿ ಕಪ್, ಅಂದರೆ ವರ್ಲ್ಡ್ ಸೀರೀಸ್, ಗೆದ್ದಿದ್ದ ಬಾಸ್ಟನ್ ಮತ್ತೆ ಗೆಲ್ಲಲು 2004ರವರೆಗೆ, ಎಂಬತ್ತಾರು ವರ್ಷ ಕಾಯಬೇಕಾಯಿತು.

ಇದನ್ನು ಶಾಪ ಎಂದು ಹೇಳಿಕೊಂಡು ಮೂರು ತಲೆಮಾರು ಬದುಕಿತು. ಶಾಪ ಎಂದರೆ ಯಾರ ಮೇಲೂ ತಪ್ಪು ಹೊರಿಸಬೇಕಾಗಿಲ್ಲ. ನಿಜವಾಗಿ ಆದದ್ದು ಸಾಲಗಾರ ಮಾಲೀಕನೊಬ್ಬ ಮನೆಯ ಕೊಪ್ಪರಿಗೆಯನ್ನು ಪಕ್ಕದ ಮನೆಗೆ ಮಾರಿದ ಕಥೆ. ನ್ಯೂಯಾರ್ಕ್ ಕದಿಯಲಿಲ್ಲ, ಕೊಟ್ಟಿದ್ದನ್ನು ತೆಗೆದುಕೊಂಡಿತು.

ನಾನು ಬಾಸ್ಟನ್ನಿಗೆ ಹೋದ ಹೊಸತರಲ್ಲಿ ಈ ಜಿದ್ದು ನನಗೂ ಅರ್ಥವಾಗುತ್ತಿರಲಿಲ್ಲ. ಅದರ ಆಳ ಪೂರ್ತಿ ತಿಳಿದದ್ದು ಬಾಸ್ಟನ್ ಪಕ್ಕದ ಕ್ವಿನ್ಸಿಯ ಒಂದು ಕ್ಷೌರದ ಅಂಗಡಿಯಲ್ಲಿ, 2005ರ ಡಿಸೆಂಬರ್‌ನಲ್ಲಿ. ಅಂಗಡಿಯವರು ಇಟಲಿ ಮೂಲದ ಹಿರಿಯರು. ಅವರ ಕನ್ನಡಿಯ ಎಡಮೂಲೆಯಲ್ಲಿ ಜಾನಿ ಡೇಮನ್ ಅವರ ಚಿತ್ರ ಅಂಟಿಸಿತ್ತು: ಭುಜದವರೆಗೆ ಕೂದಲು, ಎದೆಗಿಳಿಯುವ ಗಡ್ಡ. 2004ರಲ್ಲಿ ಯಾಂಕೀಸ್ ವಿರುದ್ಧದ ಸರಣಿಯ ಏಳನೆಯ, ಕೊನೆಯ ಪಂದ್ಯದಲ್ಲಿ ಎರಡು ಹೋಮ್ ರನ್ ಹೊಡೆದು ಎಂಬತ್ತಾರು ವರ್ಷದ ಬಾಗಿಲು ಒದ್ದವರು ಇವರೇ. ಆ ದಿನ ನಾನು ಹೋದಾಗ ಚಿತ್ರ ಇರಲಿಲ್ಲ. ನಾಲ್ಕು ಮೂಲೆಯ ಟೇಪಿನ ತುಣುಕುಗಳು ಮಾತ್ರ ಕನ್ನಡಿಗೆ ಅಂಟಿಕೊಂಡಿದ್ದವು. ಬಾಸ್ಟನ್ ನಾಲ್ಕು ವರ್ಷಕ್ಕೆ 4 ಕೋಟಿ ಡಾಲರ್ ಎಂದಿತ್ತು, ಯಾಂಕೀಸ್ 5.2 ಕೋಟಿ ಎಂದಿತು. ಡೇಮನ್ ಹೋದರು. ಯಾಂಕೀಸ್‌ನ ಅಂದಿನ ನಿಯಮದಂತೆ ಗಡ್ಡ ತೆಗೆಸಿ, ಕೂದಲು ಕತ್ತರಿಸಿಕೊಂಡು ಹೊಸ ಅಂಗಿ ತೊಟ್ಟು ನಿಂತ ಫೋಟೊ ಪತ್ರಿಕೆಯಲ್ಲಿತ್ತು. ಆ ಹಿರಿಯರು ಪತ್ರಿಕೆಯನ್ನು ನನಗೆ ತೋರಿಸಿ ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಕತ್ತರಿಸಿದವನು ಯಾರಿರಬಹುದು? ಮತ್ತೆ ಏನೂ ಮಾತಾಡದೆ ನನ್ನ ತಲೆಗೆ ನೀರು ಚಿಮುಕಿಸಿ ಕೆಲಸ ಶುರು ಮಾಡಿದರು. ಮುಂದಿನ ಬೇಸಿಗೆಯಲ್ಲೂ ಆ ಟೇಪಿನ ತುಣುಕುಗಳು ಅಲ್ಲೇ ಇದ್ದವು. ಕೆರೆದು ತೆಗೆಯಲು ಅವರಿಗೆ ಮನಸ್ಸು ಬಂದಿರಲಿಲ್ಲ.

ಆ ನೋವು ನಿಜ. ಆದರೆ ಡೇಮನ್ ಅವರನ್ನು ಬಿಟ್ಟದ್ದು ತಪ್ಪಾಗಿರಲಿಲ್ಲ ಎಂದು ಇಂದು ಧೈರ್ಯವಾಗಿ ಹೇಳಬಲ್ಲೆ. ಆಗ ಅವರಿಗೆ ಮೂವತ್ತೆರಡು. ಅದೇ ವರ್ಷ ಜೂನ್‌ನಲ್ಲಿ, ತಂಡಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಬಾಸ್ಟನ್ ಜಕೋಬಿ ಎಲ್ಸ್‌ಬರಿ ಎಂಬ ಹುಡುಗನನ್ನು ಆರಿಸಿಕೊಂಡಿತ್ತು. ಆ ಆಯ್ಕೆಯ ಸರದಿಯಾದರೂ ಎಲ್ಲಿಂದ ಬಂತು? ಹಿಂದಿನ ಚಳಿಗಾಲ ಓರ್ಲಾಂಡೊ ಕಾಬ್ರೆರಾ ಅವರನ್ನು ಏಂಜಲ್ಸ್ ತಂಡ ಕರೆದುಕೊಂಡು ಹೋದಾಗ, ಅಂದಿನ ನಿಯಮದಂತೆ ಏಂಜಲ್ಸ್ ಬಿಟ್ಟುಕೊಟ್ಟ ಸರದಿ ಅದು. ಪೆಡ್ರೊ ಮಾರ್ಟಿನೆಜ್ ಅವರಂಥ ಮಹಾ ಪಿಚರ್ ನ್ಯೂಯಾರ್ಕಿನ ಇನ್ನೊಂದು ತಂಡ ಮೆಟ್ಸ್‌ಗೆ ಹೋದಾಗ ಪರಿಹಾರವಾಗಿ ಸಿಕ್ಕ ಸರದಿಯಲ್ಲಿ ಬಂದವರು ಕ್ಲೇ ಬುಕ್‌ಹೋಲ್ಟ್ಜ್. ತಮ್ಮ ಎರಡನೆಯ ಪಂದ್ಯದಲ್ಲೇ ಎದುರಾಳಿಗೆ ಒಂದು ಹಿಟ್ ಕೂಡ (ಬೇಸ್ ತಲುಪಿಸುವ ಹೊಡೆತ) ಕೊಡದೆ ಮುಗಿಸಿದರು. 2007ರಲ್ಲಿ ಬಾಸ್ಟನ್ ಮತ್ತೆ ಕಪ್ ಗೆದ್ದಾಗ ಡೇಮನ್ ನಿಲ್ಲುತ್ತಿದ್ದ ಜಾಗದಲ್ಲಿ ಓಡುತ್ತಿದ್ದದ್ದು ಎಲ್ಸ್‌ಬರಿ. ಹಿತ್ತಲಲ್ಲಿ ಸಸಿ ಇದ್ದಾಗ ಮುಂಬಾಗಿಲ ಮರ ಹೋದರೂ ನೆರಳು ತಪ್ಪುವುದಿಲ್ಲ. ಬಿಟ್ಟುಕೊಡುವುದರಲ್ಲೂ ಒಂದು ಬೇಸಾಯ ಇದೆ.

ಡೇಮನ್ ನ್ಯೂಯಾರ್ಕಿನಲ್ಲಿ 2009ರ ಕಪ್ ಗೆದ್ದರು ಎಂಬುದನ್ನೂ ಹೇಳಬೇಕು. ಇಬ್ಬರಿಗೂ ನಷ್ಟವಾಗದ ವ್ಯವಹಾರ ಅದು. ಅಂಥವು ಕಡಿಮೆ.

ಎಲ್ಸ್‌ಬರಿ ಕಥೆ ಇನ್ನೂ ಇದೆ. 2013ರಲ್ಲಿ ಬಾಸ್ಟನ್ ಮತ್ತೆ ಗೆದ್ದ ಮೇಲೆ ಇವರೂ ಅದೇ ದಾರಿ ಹಿಡಿದರು: ಯಾಂಕೀಸ್, ಏಳು ವರ್ಷ, 15.3 ಕೋಟಿ ಡಾಲರ್. ಅಂದು ನಾನೂ ಕೊರಗಿದೆ. ಅವರ ದೇಹ ಕೈಕೊಟ್ಟಿತು, 2017ರ ನಂತರ ಒಂದು ಪಂದ್ಯವನ್ನೂ ಆಡಲಿಲ್ಲ. ಬಾಸ್ಟನ್ನಿನ ಆ ಜಾಗಕ್ಕೆ ಜಾಕಿ ಬ್ರಾಡ್ಲಿ ಬಂದರು, 2018ರ ಕಪ್‌ಗೆ ಅವರೂ ಹೆಗಲು ಕೊಟ್ಟರು. ಗಾಯಗೊಂಡ ಆಟಗಾರನನ್ನು ಗೇಲಿ ಮಾಡುವ ಅಭ್ಯಾಸ ನನಗಿಲ್ಲ. ನಾನು ಹೇಳುವುದು ಇಷ್ಟೇ: ಜಿದ್ದಿನ ಊರಿನ ದೊಡ್ಡ ಸಹಿಯಲ್ಲಿ ನೋಡಬೇಕಾದ್ದು ಡಾಲರ್‌ಗಳ ಅಂಕಿಯನ್ನಲ್ಲ, ಆಟಗಾರನ ವಯಸ್ಸು ಮತ್ತು ಒಪ್ಪಂದದ ಕೊನೆಯ ಮೂರು ವರ್ಷ.

ಇಲ್ಲಿ ಇನ್ನೊಂದು ಸಂಗತಿ ನಿಮಗೆ ಗೊತ್ತಿರಲಿ. ಡೇಮನ್, ಎಲ್ಸ್‌ಬರಿ, ಅಲೆಕ್ಸ್ ರೋಡ್ರಿಗಸ್, ಬ್ರೆಗ್‌ಮನ್, ಹುವಾನ್ ಸೋಟೊ, ಇವರೆಲ್ಲರ ವ್ಯವಹಾರ ನೋಡಿಕೊಂಡ ಏಜೆಂಟ್ ಒಬ್ಬರೇ, ಸ್ಕಾಟ್ ಬೋರಸ್. ತನ್ನ ಆಟಗಾರನಿಗೆ ಹೆಚ್ಚು ಕೊಡಿಸುವುದು ಅವರ ಧರ್ಮ. ಅದಕ್ಕೆ ಜಿದ್ದಿನ ಊರುಗಳಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಬಾಸ್ಟನ್ ಕೇಳುತ್ತಿದೆ ಎಂಬ ಸುದ್ದಿ ನ್ಯೂಯಾರ್ಕಿನ ಬೆಲೆ ಏರಿಸುತ್ತದೆ, ನ್ಯೂಯಾರ್ಕ್ ಕಣ್ಣಿಟ್ಟಿದೆ ಎಂಬ ಸುದ್ದಿ ಬಾಸ್ಟನ್ನಿನ ನಿದ್ದೆ ಕೆಡಿಸುತ್ತದೆ. ಚಳಿಗಾಲದಲ್ಲಿ ನಿಮ್ಮ ಮಗಳು ಮೊಬೈಲಿನಲ್ಲಿ ಓದುವ ಅರ್ಧದಷ್ಟು ಮಾತುಗಳು ಚೌಕಾಸಿಯ ಮಾತುಗಳು. ಪಕ್ಕಾ ಆದ ಸುದ್ದಿಯೂ ಪಕ್ಕಾ ಅಲ್ಲ. 2022ರ ಡಿಸೆಂಬರ್‌ನಲ್ಲಿ ಕಾರ್ಲೋಸ್ ಕೊರಿಯಾ ಮೊದಲು ಸ್ಯಾನ್ ಫ್ರಾನ್ಸಿಸ್ಕೋಗೆ, ಆಮೇಲೆ ಮೆಟ್ಸ್‌ಗೆ ಒಪ್ಪಿಕೊಂಡಿದ್ದರು. ಎರಡೂ ಕಡೆ ವೈದ್ಯಕೀಯ ಪರೀಕ್ಷೆಯಲ್ಲಿ ಹಳೆಯ ಕಾಲಿನ ಗಾಯದ ಪ್ರಶ್ನೆ ಎದ್ದು ಒಪ್ಪಂದ ಮುರಿಯಿತು. ಕೊನೆಗೆ ಜನವರಿಯಲ್ಲಿ ತಮ್ಮ ಹಳೆಯ ತಂಡ ಮಿನೆಸೋಟಕ್ಕೇ ಮರಳಿದರು. ವೈದ್ಯರು ಕೈ ಎತ್ತುವವರೆಗೆ ಸಂತೋಷವನ್ನೂ ದುಃಖವನ್ನೂ ತಡೆದಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟು ಹೇಳಿದ ಮೇಲೆ ನಾನು ಕಂಡ ಅತಿ ದೊಡ್ಡ ಚಳಿಗಾಲದ ಕಥೆ ಹೇಳದೆ ಇರಲಾರೆ. 2003ರ ಅಕ್ಟೋಬರ್ 16ರ ರಾತ್ರಿ ಯಾಂಕೀಸ್‌ನ ಆರನ್ ಬೂನ್ ಹನ್ನೊಂದನೆಯ ಇನ್ನಿಂಗ್ಸ್‌ನ ಮೊದಲ ಚೆಂಡಿಗೆ ಹೋಮ್ ರನ್ ಹೊಡೆದು ನಮ್ಮನ್ನು ಮನೆಗೆ ಕಳಿಸಿದರು. ನಡುರಾತ್ರಿ ದಾಟಿತ್ತು. ನಾನಿದ್ದ ಕಟ್ಟಡದಲ್ಲಿ ಒಂದೊಂದಾಗಿ ದೀಪಗಳು ಆರಿದ್ದು ನೆನಪಿದೆ. ಆ ಚಳಿಗಾಲ ಬಾಸ್ಟನ್ ಪಣತೊಟ್ಟಿತು. ನವೆಂಬರ್‌ನಲ್ಲಿ ಕರ್ಟ್ ಶಿಲ್ಲಿಂಗ್ ಬಂದರು. ಡಿಸೆಂಬರ್‌ನಲ್ಲಿ ಅಲೆಕ್ಸ್ ರೋಡ್ರಿಗಸ್ ಅವರನ್ನೇ ತರುವ ಮಾತಾಯಿತು. ಆಗ ಆಟದಲ್ಲೇ ಅತಿ ದೊಡ್ಡ ಹೆಸರು ಅದು. ಟೆಕ್ಸಸ್ ಜೊತೆ ಹತ್ತು ವರ್ಷಕ್ಕೆ 25.2 ಕೋಟಿ ಡಾಲರ್‌ಗಳ ಒಪ್ಪಂದ. ಬಾಸ್ಟನ್ನಿನಿಂದ ಮ್ಯಾನಿ ರಾಮಿರೆಜ್ ಮತ್ತು ಜಾನ್ ಲೆಸ್ಟರ್ ಎಂಬ ಎಳೆಯ ಪಿಚರ್ ಆ ಕಡೆಗೆ ಹೋಗಬೇಕಿತ್ತು. ಬಾಸ್ಟನ್ನಿಗೆ ಬರಲು ರೋಡ್ರಿಗಸ್ ತಮ್ಮ ಸಂಬಳವನ್ನೇ ಇಳಿಸಿಕೊಳ್ಳಲು ಒಪ್ಪಿದರು. ಆಟಗಾರರ ಸಂಘ ಒಪ್ಪಲಿಲ್ಲ. ಒಬ್ಬನ ಸಂಬಳ ಹೀಗೆ ಇಳಿದರೆ ನಾಳೆ ಎಲ್ಲರಿಗೂ ಇದೇ ಗತಿ ಎಂಬುದು ಅವರ ನ್ಯಾಯ, ಫ್ಲಡ್ ಅವರ ಕಾಲದಿಂದ ಕಲಿತ ನ್ಯಾಯ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಜನವರಿಯಲ್ಲಿ, ನಮ್ಮನ್ನು ಮನೆಗೆ ಕಳಿಸಿದ್ದ ಅದೇ ಬೂನ್, ಬಾಸ್ಕೆಟ್‌ಬಾಲ್ ಆಡಲು ಹೋಗಿ ಮಂಡಿ ಮುರಿದುಕೊಂಡರು. ಯಾಂಕೀಸ್‌ಗೆ ಮೂರನೇ ಬೇಸ್ ಖಾಲಿ. ಫೆಬ್ರುವರಿಯಲ್ಲಿ ರೋಡ್ರಿಗಸ್ ನ್ಯೂಯಾರ್ಕಿಗೆ! ಬಾಸ್ಟನ್ನಿನ ಹಿಮದಲ್ಲಿ ಬಸ್ಸಿಗೆ ಕಾಯುತ್ತಿದ್ದವರ ಮುಖಗಳನ್ನು ನೀವು ನೋಡಬೇಕಿತ್ತು. ಅಪರಿಚಿತರು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸುತ್ತಿದ್ದರು, ಊರಿನಲ್ಲಿ ಸಾವಾದಾಗ ಆಡಿಸುವಂತೆ. ಗಾಯದ ಮೇಲೆ ಬರೆ ಎಂದರೆ ಅದೇ.

ಆ ವರ್ಷದ ಅಕ್ಟೋಬರ್‌ನಲ್ಲಿ ಏನಾಯಿತೆಂದು ಬಾಸ್ಟನ್ನಿನ ಪ್ರತಿ ಮಗುವಿಗೂ ಗೊತ್ತು, ನಿಮ್ಮ ಮಗಳೂ ಹೇಳುತ್ತಾಳೆ. ಅದೇ ಯಾಂಕೀಸ್ ಎದುರು ಮೊದಲ ಮೂರು ಪಂದ್ಯ ಸೋತು, ಮುಂದಿನ ನಾಲ್ಕನ್ನೂ ಗೆದ್ದು, ಕಪ್ ತಂದರು. ಆ ನಾಲ್ಕು ರಾತ್ರಿಗಳಲ್ಲಿ ಎರಡನ್ನು ಗೆಲ್ಲಿಸಿಕೊಟ್ಟವರು ಡೇವಿಡ್ ಆರ್ಟೀಜ್. ನಾಲ್ಕನೆಯ ಪಂದ್ಯದಲ್ಲಿ ಹನ್ನೆರಡನೆಯ ಇನ್ನಿಂಗ್ಸ್‌ನ ಹೋಮ್ ರನ್. ಐದನೆಯದರಲ್ಲಿ ಹದಿನಾಲ್ಕನೆಯ ಇನ್ನಿಂಗ್ಸ್‌ನ ಹಿಟ್. ಈ ಆರ್ಟೀಜ್ ಬಂದದ್ದು ಹೇಗೆ? 2002ರ ಡಿಸೆಂಬರ್‌ನಲ್ಲಿ ಮಿನೆಸೋಟ ತಂಡ ಅವರನ್ನು ಬೇಡವೆಂದು ಬಿಟ್ಟಿತು. ಬದಲಿಗೆ ಯಾರನ್ನೂ ಪಡೆಯಲಿಲ್ಲ, ಸುಮ್ಮನೆ ಬಿಟ್ಟಿತು. ಮರುತಿಂಗಳು ಬಾಸ್ಟನ್ 12.5 ಲಕ್ಷ ಡಾಲರ್‌ಗೆ ಕರೆದುಕೊಂಡಿತು. ಆ ದಿನ ಯಾರೂ ಸಂಭ್ರಮಿಸಲಿಲ್ಲ. ನಾನು ಆ ಸುದ್ದಿಯನ್ನು ಓದಿದ್ದೆನೋ ಇಲ್ಲವೋ ನನಗೇ ನೆನಪಿಲ್ಲ. 25 ಕೋಟಿಯ ಆಟಗಾರ ಜಿದ್ದಿನ ಊರಿಗೆ ಹೋದ ಚಳಿಗಾಲವನ್ನು ಗೆಲುವಾಗಿ ತಿರುಗಿಸಿದ್ದು, ಇನ್ನೊಂದು ಊರು ಹಿತ್ತಲ ಗಿಡ ಮದ್ದಲ್ಲವೆಂದು ಕಿತ್ತೆಸೆದ ಮನುಷ್ಯ. ಕೊಡಬೇಕಾಗಿದ್ದ ಲೆಸ್ಟರ್ ಕೂಡ ಉಳಿದರು. 2007ರ ಕಪ್‌ನ ಕೊನೆಯ ಪಂದ್ಯವನ್ನು ಗೆದ್ದ ಪಿಚರ್ ಅವರೇ.

ಹಾಗಾದರೆ ಬಾಸ್ಟನ್ ಬುದ್ಧಿವಂತ ಊರೇ? 2020ರ ಫೆಬ್ರುವರಿಯಲ್ಲಿ ಅಲ್ಲ. ಮೂಕಿ ಬೆಟ್ಸ್ 2018ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ, ಅದೇ ವರ್ಷ ಕಪ್ ಗೆದ್ದುಕೊಟ್ಟವರು, ವಯಸ್ಸು ಇಪ್ಪತ್ತೇಳು. ಒಪ್ಪಂದ ಮುಗಿಯಲು ಒಂದು ವರ್ಷ ಇತ್ತು. ತಂಡ ತೆರಿಗೆಯ ಗೆರೆಯ ಕೆಳಗೆ ಇಳಿಯಬೇಕೆಂದಿತ್ತು. ಬೆಟ್ಸ್ ಅವರನ್ನೂ ಪಿಚರ್ ಡೇವಿಡ್ ಪ್ರೈಸ್ ಅವರನ್ನೂ ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಟ್ಟರು. ಪ್ರತಿಯಾಗಿ ಮೂವರು ಹುಡುಗರು ಬಂದರು. ಅಲೆಕ್ಸ್ ವರ್ಡುಗೊ ನಾಲ್ಕು ವರ್ಷ ಆಡಿದ ಮೇಲೆ ಅವರನ್ನು ಯಾಂಕೀಸ್‌ಗೇ ಕೊಟ್ಟರು. ಜೀಟರ್ ಡೌನ್ಸ್ ನಿಲ್ಲಲಿಲ್ಲ. ಕಾನರ್ ವಾಂಗ್ ಒಬ್ಬರು ವಿಕೆಟ್‌ಕೀಪರ್‌ನಂತೆ ಕೂರುವ ಕ್ಯಾಚರ್ ಆಗಿ ಉಳಿದರು. ಡಾಡ್ಜರ್ಸ್ ಅದೇ ಜುಲೈನಲ್ಲಿ ಬೆಟ್ಸ್ ಅವರಿಗೆ ಹನ್ನೆರಡು ವರ್ಷಕ್ಕೆ 36.5 ಕೋಟಿ ಡಾಲರ್ ಕೊಟ್ಟು ಕಟ್ಟಿಹಾಕಿತು. 2020, 2024, 2025, ಮೂರು ಕಪ್ ಆಯಿತು.

ಇದನ್ನು ಮಾಡಿದ್ದು ನ್ಯೂಯಾರ್ಕ್ ಅಲ್ಲ. ಬೆಟ್ಸ್ ಹೋದದ್ದು ಜಿದ್ದಿನ ಊರಿಗೂ ಅಲ್ಲ, ಮೂರು ಸಾವಿರ ಮೈಲಿ ದೂರಕ್ಕೆ. ಅದಕ್ಕೇ ಊರಿನಲ್ಲಿ ಡೇಮನ್ ಹೋದಾಗ ಎದ್ದಷ್ಟು ಗದ್ದಲ ಏಳಲಿಲ್ಲವೇನೋ ಎಂದು ನನಗೆ ಅನಿಸುತ್ತದೆ. ಅವರು ಯಾಂಕೀಸ್‌ಗೆ ಹೋಗಿದ್ದರೆ ಮಾಲೀಕರು ಬೀದಿಯಲ್ಲಿ ನಡೆಯುವುದೇ ಕಷ್ಟವಾಗುತ್ತಿತ್ತು. ದೂರಕ್ಕೆ ಕಳಿಸಿದ್ದರಿಂದ ಲೆಕ್ಕಪತ್ರದ ಮಾತಾಗಿ ಮುಗಿಯಿತು. ರೂತ್ ನಂತರ ಬಾಸ್ಟನ್ ಮಾಡಿದ ಅತಿ ದೊಡ್ಡ ತಪ್ಪು ಇದೇ ಎಂಬುದು ನನ್ನ ತೀರ್ಮಾನ. ಅದರಿಂದ ಹಿಂದೆ ಸರಿಯಲು ಕಾರಣ ಇದುವರೆಗೆ ಸಿಕ್ಕಿಲ್ಲ.

ನ್ಯೂಯಾರ್ಕಿನವರಿಗೆ ಈ ನೋವು ಗೊತ್ತಿಲ್ಲವೆಂದು ನಿಮ್ಮ ಮಗಳು ತಿಳಿದಿದ್ದರೆ, ಸೋಟೊ ಕಥೆಯನ್ನು ಹೇಳಿ. 2024ರಲ್ಲಿ ಸೋಟೊ ಯಾಂಕೀಸ್ ಅಂಗಿಯಲ್ಲಿ ತಂಡವನ್ನು ವರ್ಲ್ಡ್ ಸೀರೀಸ್‌ಗೆ ಕೊಂಡೊಯ್ದರು. ಡಿಸೆಂಬರ್‌ನಲ್ಲಿ ಫ್ರೀ ಏಜೆಂಟ್. ಬಾಸ್ಟನ್ ಕೂಡ ಕೇಳಿದವರಲ್ಲಿ ಒಂದು. ಯಾಂಕೀಸ್ ಹದಿನಾರು ವರ್ಷಕ್ಕೆ 76 ಕೋಟಿ ಡಾಲರ್ ಕೊಡಲು ಮುಂದಾಗಿತ್ತು ಎಂದು ಪತ್ರಿಕೆಗಳು ಬರೆದವು. ಅದೇ ನಗರದ ಇನ್ನೊಂದು ತಂಡ ಮೆಟ್ಸ್ ಹದಿನೈದು ವರ್ಷಕ್ಕೆ 76.5 ಕೋಟಿ ಕೊಟ್ಟಿತು. ನಗರದ ಬ್ರಾಂಕ್ಸ್ ಭಾಗದಿಂದ ಕ್ವೀನ್ಸ್ ಭಾಗಕ್ಕೆ, ಮೆಟ್ರೊ ರೈಲಿನ ದೂರ. 2025ರ ಮೇ ತಿಂಗಳಲ್ಲಿ ಮೆಟ್ಸ್ ಅಂಗಿಯಲ್ಲಿ ಅವರು ಹಳೆಯ ಮೈದಾನಕ್ಕೆ ಬಂದಾಗ, ಹಿಂದಿನ ವರ್ಷ ಅವರ ಹೆಸರು ಕೂಗುತ್ತಿದ್ದ ಬಲಭಾಗದ ಅಗ್ಗದ ಸೀಟುಗಳ ಜನ ಎದ್ದು ನಿಂತು ಬೆನ್ನು ತಿರುಗಿಸಿದರು. ಸಾಲು ಸಾಲು ಬೆನ್ನುಗಳು. ನಾನು ಈಗ ಮೈಸೂರಿನಲ್ಲಿರುವವನು. ಅಲ್ಲಿ ಸಂಜೆ ಏಳಕ್ಕೆ ಶುರುವಾಗುವ ಆಟ ನಮಗೆ ಬೆಳಗಿನ ಜಾವ ನಾಲ್ಕೂವರೆಗೆ. ಕಾಫಿ ಲೋಟ ಹಿಡಿದು ಆ ಬೆನ್ನುಗಳನ್ನು ನೋಡುವಾಗ, ಯಾಂಕೀಸ್ ಅಭಿಮಾನಿಗಳ ಬಗ್ಗೆ ಮೊದಲ ಬಾರಿಗೆ ಮರುಕ ಹುಟ್ಟಿತು. ಪ್ರೀತಿ ಇಲ್ಲದವರು ಬೆನ್ನು ತಿರುಗಿಸುವ ಶ್ರಮ ತೆಗೆದುಕೊಳ್ಳುವುದಿಲ್ಲ.

ಆಮೇಲೇನಾಯಿತು? ಸೋಟೊ 43 ಹೋಮ್ ರನ್ ಹೊಡೆದರು. ಆದರೂ ಮೆಟ್ಸ್ ಮುಂದಿನ ಸುತ್ತಿಗೆ ಹೋಗಲಿಲ್ಲ. ಯಾಂಕೀಸ್ ಸೋಟೊಗೆಂದು ಇಟ್ಟಿದ್ದ ದುಡ್ಡಿನಲ್ಲಿ ಮ್ಯಾಕ್ಸ್ ಫ್ರೀಡ್ ಎಂಬ ಪಿಚರ್‌ನನ್ನು ತಂದಿತು, ಅವರು 19 ಪಂದ್ಯ ಗೆದ್ದುಕೊಟ್ಟರು. ಅಕ್ಟೋಬರ್‌ನಲ್ಲಿ ನಮ್ಮನ್ನು ಸೋಲಿಸಿ ಹೊರಗಟ್ಟಿದ್ದೂ ಅದೇ ಯಾಂಕೀಸ್. ದುಡ್ಡು ಮುಖ್ಯವಲ್ಲ ಎಂದು ನಾನು ಹೇಳುವುದಿಲ್ಲ. ಶೋಹೈ ಓಟಾನಿ ಅವರ 70 ಕೋಟಿಯ ಒಪ್ಪಂದದಲ್ಲಿ 68 ಕೋಟಿಯನ್ನು 2034ರಿಂದ 2043ರವರೆಗೆ ಕೊಡುತ್ತೇವೆ ಎಂದು ಮುಂದೂಡಿ ಡಾಡ್ಜರ್ಸ್ ಗೆಲ್ಲುತ್ತಿರುವಾಗ ಹಾಗೆ ಹೇಳುವುದು ಸುಳ್ಳಾಗುತ್ತದೆ. ಆದರೆ ದುಡ್ಡು ಬಾಗಿಲು ತೆರೆಸುತ್ತದೆ. ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಹೊರಗೆ ಬಿಡಬಾರದು ಎಂಬುದನ್ನು ಮನೆಯವರೇ ತಿಳಿದಿರಬೇಕು.

ಮಗಳಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ನ್ಯೂಯಾರ್ಕಿನ ಸುದ್ದಿ ನೋಡಬೇಡ ಎನ್ನಬೇಡಿ, ಅದೂ ಆಟದ ರುಚಿಯೇ. ಜೊತೆಗೆ ಒಂದು ನೋಟ್‌ಬುಕ್ ಕೊಡಿ. ಪ್ರತಿ ಚಳಿಗಾಲ ಬಾಸ್ಟನ್ ಬಿಟ್ಟವರ ಹೆಸರು, ವಯಸ್ಸು, ಬಿಟ್ಟದ್ದಕ್ಕೆ ತಂಡ ಹೇಳಿದ ಕಾರಣ, ಅವರ ಜಾಗಕ್ಕೆ ಬಂದವರು ಯಾರು, ಇಷ್ಟು ಬರೆದಿಡಲಿ. ಮೂರು ವರ್ಷದ ನಂತರ ತೆರೆದು ನೋಡಲಿ. ಹನ್ನೊಂದು ವರ್ಷದ ಹುಡುಗಿ ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಅನೇಕ ಅಂಕಣಕಾರರಿಗಿಂತ ಚೆನ್ನಾಗಿ ತಂಡವನ್ನು ಅಳೆಯುತ್ತಾಳೆ. ಯಾರ ಹೆಸರಿನ ಅಂಗಿ ಎಂಬುದಕ್ಕೆ, ಹಿತ್ತಲಲ್ಲೇ ಬೆಳೆದ ರೋಮನ್ ಆಂಥನಿ ಎಂಬ ಹುಡುಗ ಇದ್ದಾರೆ. 2025ರ ಆಗಸ್ಟ್‌ನಲ್ಲಿ, ಬಂದ ಎರಡೇ ತಿಂಗಳಿಗೆ, ಎಂಟು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಡೆವರ್ಸ್ ಅವರ ಒಪ್ಪಂದವೂ ಹತ್ತು ವರ್ಷದ್ದೇ ಆಗಿತ್ತು ಎಂದು ಅವಳು ಕೇಳಿದರೆ, ಹೌದು ಎನ್ನಿ, ಮುಚ್ಚಿಡಬೇಡಿ.

ಹಳೆಯ 11ರ ಅಂಗಿಯನ್ನು ಮಾತ್ರ ಎತ್ತಿಡಬೇಡಿ. ಡೆವರ್ಸ್ ಹೋದ ಐದೇ ದಿನಕ್ಕೆ ರೆಡ್ ಸಾಕ್ಸ್ ಸ್ಯಾನ್ ಫ್ರಾನ್ಸಿಸ್ಕೋಗೆ ಆಡಲು ಹೋಗಿತ್ತು. ಈಗಿನ ವೇಳಾಪಟ್ಟಿಯ ಕ್ರಮದಲ್ಲಿ ಒಂದು ವರ್ಷ ಅಲ್ಲಿ, ಮರುವರ್ಷ ಇಲ್ಲಿ. ಆ ಲೆಕ್ಕದಲ್ಲಿ 2026ರಲ್ಲಿ ಜೈಂಟ್ಸ್ ಫೆನ್‌ವೇಗೆ ಬರುವ ಸರದಿ. ಟಿಕೆಟ್ ತೆಗೆಯುವಾಗ ಮೂರನೇ ಬೇಸ್ ಬದಿಯ ಸೀಟು ನೋಡಿ, ಪ್ರವಾಸಿ ತಂಡ ಕೂರುವುದು ಆ ಬದಿಗೆ. ಬೇಗ ಹೋಗಿ, ಅಭ್ಯಾಸದ ಹೊತ್ತಿಗೆ. ಅಷ್ಟರಲ್ಲಿ ಅಂಗಿ ಬಿಗಿಯಾಗಿದ್ದರೂ ಅದನ್ನೇ ಹಾಕಿಕೊಂಡು ಬರಲಿ.